ಒಂಬತ್ತು ಮಡಿಕೆಯ ಲಂಗ

ನಮ್ಮ ಊರಿಗೆ ಹೊಸದಾಗಿ ಬಂದವರು ಬಸ್ಸಿಳಿದ ಕೂಡಲೇ ಇಲ್ಲಿಯ ಜನ ಎಂಥ ವಿನಯವಂತರು ಎಂದು ಮೆಚ್ಚಿಕೊಳ್ಳುತ್ತಾರೆ. ಎಲ್ಲಿ ನೋಡಿದರೂ ಕೈ ಕಟ್ಟಿ ನಿಂತವರೇ. ಕಿರಾಣಿ ಅಂಗಡಿಯವನು ಕೈ ಕಟ್ಟಿರುತ್ತಾನೆ, ಪೋಸ್ಟ್‌ಮನ್ ಕೈ ಕಟ್ಟಿರುತ್ತಾನೆ, ಮದುವೆ ಮನೆಯಲ್ಲಿ ಬಡಿಸುವವರು ಸಾರಿನ ಬಕೆಟ್ಟು ಕೆಳಗಿಟ್ಟು ಕೈ ಕಟ್ಟಿ ಸಾಲಾಗಿ ನಿಂತಿರುತ್ತಾರೆ. ಅದು ವಿನಯವಲ್ಲ. ಅವರ ಪಕ್ಕದಲ್ಲೇ ಎಲ್ಲೋ ಒಂದು ಮಗು ಬಾಳೆಹಣ್ಣು ಸುಲಿಯುತ್ತಿರುತ್ತದೆ.

ನಮ್ಮಲ್ಲಿ ಮಕ್ಕಳು ದಿನ ಕಳೆದಂತೆ ಬೆಳೆಯುವುದಿಲ್ಲ. ಏನಾದರೊಂದನ್ನು ತಾವಾಗಿಯೇ ಮೊದಲ ಸಲ ಮಾಡಿದ ಮರುದಿನ ಬೆಳಿಗ್ಗೆ ಬೆಳೆದು ಏಳುತ್ತಾರೆ. ಚಿಲ್ಲರೆ ಕೆಲಸಕ್ಕೆ ಒಂದು ದಾರದಷ್ಟು, ಭಾರಿ ಕೆಲಸಕ್ಕೆ ಒಂದು ಬೆರಳಗಲ. ನಡುವೆ ದೊಡ್ಡವರ ಕೈ ತಗುಲಿತೋ, ಅಷ್ಟೂ ಹೋಯಿತು. ಹಾಗಂತ ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ಸಂತೆ ಸುತ್ತಲು ಹೋಗುವಂತೆಯೂ ಇಲ್ಲ. ನೋಡುವವರಿಲ್ಲದೆ ಮಾಡಿದ್ದಕ್ಕೆ ಒಂದು ದಾರವೂ ದಕ್ಕುವುದಿಲ್ಲ. ಹತ್ತಿರ ಇರಬೇಕು, ನೋಡುತ್ತಿರಬೇಕು, ಕೈ ಕಟ್ಟಿರಬೇಕು. ಮಗು ಕೇಳಿದರೆ ಬಾಯಲ್ಲಿ ಹೇಳಬಹುದು, ಕೇಳಿದಷ್ಟನ್ನು ಮಾತ್ರ. ಇಷ್ಟನ್ನು ನಿಭಾಯಿಸಲು ನಮ್ಮ ಗಂಡಸರು ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಾರೆ, ಹೆಂಗಸರು ಮುಂಗೈಗೆ ಸೆರಗು ಸುತ್ತಿಕೊಳ್ಳುತ್ತಾರೆ, ಅಜ್ಜಿಯರು ಕಾಳಿನ ಮೊರ ಎಳೆದುಕೊಂಡು ಇಲ್ಲದ ಕಲ್ಲನ್ನು ಹುಡುಕುತ್ತ ಕೂರುತ್ತಾರೆ. ಊರಿನ ಎಲ್ಲರಿಗೂ ಬರುವ ಈ ವಿದ್ಯೆ ಬಾರದಿದ್ದವನು ಒಬ್ಬನೇ. ಅವನ ಕಥೆಯನ್ನು ಅವನೇ ಹೇಳುತ್ತಿದ್ದಾನೆ.

ನಾನು ಪಾಂಡುರಂಗ, ಊರಿಗಿರುವ ಒಬ್ಬನೇ ಟೇಲರ್. ಮಕ್ಕಳ ಬಟ್ಟೆಯೇ ನನ್ನ ಮುಖ್ಯ ಕಸುಬು. ನಮ್ಮಲ್ಲಿ ಮಕ್ಕಳ ಬಟ್ಟೆಯನ್ನು ಮಡಿಕೆ ಇಡದೆ ಹೊಲಿಯುವುದಿಲ್ಲ. ಲಂಗದ ಅಂಚಿನಲ್ಲಿ, ತೋಳಿನ ತುದಿಯಲ್ಲಿ, ಚಡ್ಡಿಯ ಕಾಲಲ್ಲಿ ಬೆರಳಗಲದ ಮಡಿಕೆಗಳನ್ನು ಒಂದರ ಹಿಂದೆ ಒಂದು ಮಡಿಚಿ ಹೊಲಿದಿರಬೇಕು. ಮಗು ಬೆಳೆದು ಎದ್ದ ಬೆಳಿಗ್ಗೆ ಮನೆಯ ಹಿರಿಯರು ಅದನ್ನು ಹೊಸ್ತಿಲ ಮೇಲೆ ನಿಲ್ಲಿಸಿ, ಬೀದಿಯವರ ಎದುರಿಗೆ ಒಂದು ಮಡಿಕೆ ಬಿಚ್ಚಿ, ಬಾಯಿಗೆ ಬೆಲ್ಲ ಹಾಕುತ್ತಾರೆ. ಯಾವ ಮಗುವಿನ ಯಾವ ಮಡಿಕೆ ಯಾವಾಗ ಬಿಚ್ಚಿತು ಎಂಬುದೆಲ್ಲ ನನಗೆ ಬಾಯಿಪಾಠ. ಹೀಗಾಗಿ ನಾನು ಹೊಲಿಗೆಗಿಂತ ಹೆಚ್ಚಾಗಿ ಉಪದೇಶ ಮಾಡುತ್ತಿದ್ದೆ. ಬಟ್ಟೆ ಕೊಡಲು ಬಂದ ತಾಯಂದಿರನ್ನು ಅರ್ಧ ಗಂಟೆ ನಿಲ್ಲಿಸಿ, "ಮಗುವನ್ನು ಅದರ ಪಾಡಿಗೆ ಬಿಡಬೇಕು ತಾಯೀ" ಎಂದು ಶುರು ಮಾಡಿದರೆ ಟೇಪು ಕುತ್ತಿಗೆಯಿಂದ ಜಾರಿ ಬಿದ್ದರೂ ನನಗೆ ಅರಿವಿರುತ್ತಿರಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ಆ ಬದನೆಕಾಯಿ ಮನೆಯಲ್ಲಿತ್ತು.

ನನ್ನ ಮಗಳು ಕೇತಕಿ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದವಳು. ಅವಳನ್ನು ಮೊದಲು ಎತ್ತಿಕೊಂಡಾಗಲೇ ನನ್ನ ಕೈಗಳು ಕೆಟ್ಟವು. ಅವಳು ಚಮಚೆಯ ಕಡೆಗೆ ನೋಡಿದರೆ ಸಾಕು, ಅನ್ನ ಬಾಯಲ್ಲಿರುತ್ತಿತ್ತು. ಚಪ್ಪಲಿಯ ಪಟ್ಟಿ ಹಾಕುವವನು ನಾನು, ಜಡೆ ಹೆಣೆಯುವವನು ನಾನು, ಬಳಪ ಚೂಪು ಮಾಡುವವನು ನಾನು. ಅವಳು 'ನನಗೆ...' ಎಂದು ಬಾಯಿ ತೆರೆದರೆ 'ನೀರು ಬೇಕಾ' ಎಂದು ವಾಕ್ಯವನ್ನು ಮುಗಿಸುವವನೂ ನಾನೇ. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ ಎಂಬ ಗಾದೆಯನ್ನು ಯಾರೋ ನನ್ನನ್ನು ನೋಡಿಯೇ ಕಟ್ಟಿರಬೇಕು. ಹೆಂಡತಿ ಗೋದಾವರಿ ನಸುಕಿನಲ್ಲೇ ಎದ್ದು ಪೇಟೆಯ ಖಾನಾವಳಿಗೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು ದಿನವೂ ಒಂದೇ ಮಾತು: "ಕೈ ಕಟ್ಟಿಕೊಂಡು ಕುಂದರ್ರಿ." ನಾನು ಕಟ್ಟುತ್ತಿದ್ದೆ. ಅವಳು ಓಣಿಯ ತಿರುವು ದಾಟುವವರೆಗೆ.

ಪರಿಣಾಮ ಏನಾಗಬೇಕಿತ್ತೋ ಅದೇ ಆಯಿತು. ಒಂಬತ್ತು ತುಂಬಿದ ಕೇತಕಿ ಐದರ ಮಗುವಿನಷ್ಟಿದ್ದಳು. ಅವಳ ಓರಗೆಯ, ಗಾಣಿಗರ ಸಾವಂತ್ರೆವ್ವನ ಮಗ ಆಗಲೇ ತಾಯಿಯ ಹೆಗಲಿಗೆ ಬಂದಿದ್ದ. ಸಾವಂತ್ರೆವ್ವ ಅವನ ಅಂಗಿ ಹಿಡಿದು ನನ್ನ ಅಂಗಡಿಗೆ ಬಂದಾಗಲೆಲ್ಲ, "ಮಡಿಕಿ ಎಲ್ಲಾ ಮುಗದಾವ್ರಿ, ಹೊಸಾದು ಹೊಲೀರಿ" ಎಂದು ಹೇಳಿ ನಂತರ ನನ್ನ ಮಗಳ ಕಡೆ ನೋಡಿ ಗಂಟಲು ಸರಿಪಡಿಸಿಕೊಳ್ಳುತ್ತಿದ್ದಳು. ಆ ಕೆಮ್ಮು ನನಗೆ ಸೂಜಿ ಚುಚ್ಚಿದಂತೆ ಆಗುತ್ತಿತ್ತು.

ಆಗ ನಾನೊಂದು ಘನಕಾರ್ಯ ಮಾಡಿದೆ. ಪ್ರತಿ ಹೊಸ ಲಂಗವನ್ನು ಹಿಂದಿನದಕ್ಕಿಂತ ಒಂದು ಬೆರಳು ಗಿಡ್ಡ ಮಾಡಿ ಕತ್ತರಿಸತೊಡಗಿದೆ. ಮಡಿಕೆ ಇಡಲಿಲ್ಲ, ಇಟ್ಟರೆ ಬಿಚ್ಚಬೇಕಲ್ಲ. ಲಂಗ ಹಿಮ್ಮಡಿಯಿಂದ ಮೇಲೇರಿತು, ಮೀನಖಂಡ ದಾಟಿ ಮೊಣಕಾಲಿಗೆ ಬಂತು. "ನೋಡ್ರಿ, ಹೆಂಗ ಬೆಳ್ಯಾಕತ್ತಾಳ! ಬಟ್ಟಿ ಸಾಲಾಕವಲ್ದು" ಎಂದು ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಅವರೂ "ಹೌದ್ ಹೌದು" ಎಂದರು. ಊರೆಲ್ಲ ನನ್ನನ್ನು ನಂಬಿತೆಂದು ಮೂರು ವರ್ಷ ತಿಳಿದುಕೊಂಡಿದ್ದೆ. ಯಾರೂ ನಂಬಿರಲಿಲ್ಲವಂತೆ. ಪಾಪ, ಟೇಲರ್ ಒಳ್ಳೆಯವನು, ಬೇಸರ ಮಾಡಿಕೊಳ್ಳದಿರಲಿ ಎಂದು ತಲೆಯಾಡಿಸುತ್ತಿದ್ದರಂತೆ. ನನ್ನ ಕೈಚಳಕಕ್ಕೆ ಮೋಸ ಹೋದವನು ನಾನೊಬ್ಬನೇ.

ನಮ್ಮ ಶಾಲೆಯಲ್ಲಿ ಎರಡು ಕೋಣೆ. ಒಂದರಲ್ಲಿ ಚಿಕ್ಕವರು ಚಾಪೆಯ ಮೇಲೆ, ಇನ್ನೊಂದರಲ್ಲಿ ದೊಡ್ಡವರು ಬೆಂಚಿನ ಮೇಲೆ. ನಡುವಿನ ಪಡಸಾಲೆಯಲ್ಲಿ ಹಿತ್ತಾಳೆಯ ಗಂಟೆ, ಅದಕ್ಕೊಂದು ಹಗ್ಗ. ಪ್ರತಿ ವರ್ಷ ಬೇಸಿಗೆಗೆ ಮುಂಚಿನ ಸೋಮವಾರ ಚಾಪೆಯ ಮಕ್ಕಳು ಒಬ್ಬೊಬ್ಬರಾಗಿ ಹಿಮ್ಮಡಿ ನೆಲಕ್ಕೂರಿ, ಕೈ ಚಾಚಿ, ಹಗ್ಗ ಹಿಡಿದು ಗಂಟೆ ಬಾರಿಸಬೇಕು. ಬಾರಿಸಿದವರು ಬೆಂಚಿಗೆ. ಎಟುಕದವರು ಮತ್ತೆ ಚಾಪೆಗೆ. ಮೂರು ಸಲ ಎಟುಕದಿದ್ದರೆ ಆ ಮಗುವನ್ನು ಒಂದು ವರ್ಷ ಬೇರೆಯವರ ಮನೆಯಲ್ಲಿ ಬೆಳೆಸಲು ಕಳಿಸುತ್ತಾರೆ. ಶಿಕ್ಷೆಯೆಂದಲ್ಲ, ಮನೆಯವರ ಕೈ ಸರಿಯಿಲ್ಲ ಎಂದು. ಕೇತಕಿಗೆ ಆಗಲೇ ಎರಡು ಸಲ ಎಟುಕಿರಲಿಲ್ಲ. ಆರು ವರ್ಷದ ಮಕ್ಕಳ ನಡುವೆ, ಅವರಿಗಿಂತಲೂ ಚಿಕ್ಕವಳಾಗಿ ಕೂರುತ್ತಿದ್ದಳು. ಮೂರನೆಯ ಸೋಮವಾರಕ್ಕೆ ಒಂದು ತಿಂಗಳಿತ್ತು. ಸಾವಂತ್ರೆವ್ವ ತನ್ನ ಮನೆಯಲ್ಲಿ ಒಂದು ಹಾಸಿಗೆ ಹೆಚ್ಚಿಗೆ ಹಾಸಲು ಜಾಗವಿದೆ ಎಂದು ಹೆಂಡತಿಯ ಹತ್ತಿರ ಮೆತ್ತಗೆ ಹೇಳಿದ್ದಳಂತೆ. ಅದನ್ನು ಕೇಳಿದ ದಿನ ನನಗೆ ಊಟ ಇಳಿಯಲಿಲ್ಲ.

ನಾನು ಪಣ ತೊಟ್ಟೆ. ಈ ತಿಂಗಳು ಮುಟ್ಟುವುದಿಲ್ಲ. ಮೊದಲ ದಿನ ಕೇತಕಿ ಮಜ್ಜಿಗೆಯ ಚೊಂಬು ಎತ್ತಿಕೊಂಡಳು, ತಾನೇ ಲೋಟಕ್ಕೆ ಹಾಕಿಕೊಳ್ಳಲು. ನಾನು ಎರಡೂ ಕೈಗಳ ಮೇಲೆ ಕುಳಿತುಬಿಟ್ಟೆ. ಚೊಂಬು ಓರೆಯಾಯಿತು. "ನಿಧಾನ," ಎಂದೆ. "ಸ್ವಲ್ಪ ಎಡಕ್ಕ. ಅಲ್ಲ, ಇನ್ನೂ ಎಡಕ್ಕ. ಮೊಣಕೈ ಮ್ಯಾಲ. ಉಸಿರು ಬಿಗಿಹಿಡಿ. ಲೋಟದ ಕಡೆ ನೋಡು." ಅವಳು ನನ್ನ ಕಡೆ ನೋಡಿದಳು. ಚೊಂಬಿನ ಬಾಯಿ ಲೋಟ ಬಿಟ್ಟು ಅತ್ತ ಹೋಯಿತು. ಏನಾಯಿತೋ ತಿಳಿಯದು, ನನ್ನ ಬಲಗಾಲು ಮುಂದೆ ಹೋಗಿ ಲೋಟವನ್ನು ಚೊಂಬಿನ ಕೆಳಗೆ ತಳ್ಳಿತು.

ರೊಟ್ಟಿ ಮುಗಿಸಿ ಬಂದ ಗೋದಾವರಿ ಬಾಗಿಲಲ್ಲೇ ನಿಂತಿದ್ದಳು. "ಕೈ ಕಟ್ರಿ ಅಂದ್ರ ಕಾಲು ಹಾಕ್ತೀರಲ್ರಿ!"

"ಕಾಲಿಗೆ ನೇಮ ಇಲ್ಲಲ್ಲ," ಎಂದೆ.

"ನಿಮಗ ಬಾಲ ಇದ್ದಿದ್ರ ಅದನ್ನೂ ಹಾಕ್ತಿದ್ರಿ," ಎಂದು ಅವಳು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಬಾಗಿಲ ಚೌಕಟ್ಟಿಗೆ ಮಗಳನ್ನು ನಿಲ್ಲಿಸಿ ನೋಡಿದೆ. ಹಳೆಯ ಗೆರೆ ಹಳೆಯ ಜಾಗದಲ್ಲೇ ಇತ್ತು. ಕೇತಕಿ ಗೆರೆ ನೋಡಲಿಲ್ಲ, ನನ್ನ ಮುಖ ನೋಡಿದಳು. ಇಡೀ ತಿಂಗಳು ಹೀಗೇ ಕಳೆಯಿತು. ಕೈ ಕಟ್ಟಿದಾಗ ಬಾಯಿ ಓಡಿತು, ಬಾಯಿ ಕಟ್ಟಿದಾಗ ಹುಬ್ಬು ಓಡಿತು.

ಸೋಮವಾರಕ್ಕೆ ಮೂರು ದಿನ ಉಳಿದಾಗ ಟೇಪು ಹಿಡಿದು ಲೆಕ್ಕ ಹಾಕಿದೆ. ಕೈ ಚಾಚಿದ ಕೇತಕಿಗೂ ಹಗ್ಗದ ತುದಿಗೂ ಎರಡೂವರೆ ಬೆರಳಿನ ಅಂತರ. ಮಗಳನ್ನು ಉದ್ದ ಮಾಡುವುದು ನನ್ನಿಂದಾಗಲಿಲ್ಲ. ಆದರೆ ನಾನು ಟೇಲರ್. ಗಿಡ್ಡ ಇದ್ದದ್ದಕ್ಕೆ ತುಂಡು ಸೇರಿಸುವುದು ನನ್ನ ಕುಲಕಸುಬು. ಹಗ್ಗದ ಸೋಮವಾರಕ್ಕೆ ಶಾಲೆಯ ತೋರಣವನ್ನು ಹೊಲಿದು ಕಟ್ಟುವ ಸೇವೆ ಹೇಗೂ ನನ್ನದೇ. ಶನಿವಾರ ಸಂಜೆ ಬಾಗಿಲಿಗೆ ತೋರಣ ಕಟ್ಟಿದವನು ಹಗ್ಗದ ತುದಿಗೂ ನಾಲ್ಕು ಬೆರಳುದ್ದದ ಒಂದು ಕೆಂಪು ಉಣ್ಣೆಯ ಗೊಂಡೆ ಹೊಲಿದೆ. ಮುಮ್ಮಡಿ ದಾರ, ಒತ್ತೊತ್ತಾದ ಹೊಲಿಗೆ, ಎಳೆದರೆ ಎತ್ತಿನ ಗಾಡಿಗೂ ಜಗ್ಗಬಾರದು. ಶಾಲೆಯಲ್ಲಿ ಪಾಠ ಹೇಳುವ ನೀಲಗಂಗಾ ಅಕ್ಕೋರು ಅದನ್ನು ನೋಡಿದರು. ಅರವತ್ತರ ಹೆಂಗಸು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. "ಚೆಂದ ಐತಿ," ಎಂದಷ್ಟೇ ಹೇಳಿ ಕೋಣೆಗೆ ಬೀಗ ಹಾಕಿಕೊಂಡು ಹೋದರು. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಮಗಳಿಗೂ ಹೇಳಿದೆ, "ಈ ಸಲ ಹೆದರಬ್ಯಾಡ, ನಿಲುಕತೈತಿ." ಅವಳು "ಹೆಂಗ?" ಎಂದು ಕೇಳಿದಳು. ನಾನು ಕಣ್ಣು ಮಿಟುಕಿಸಿದೆ. ಈಗ ನೆನೆದರೆ ಆ ಕಣ್ಣನ್ನು ಕಿತ್ತು ಒಗೆಯಬೇಕು ಅನ್ನಿಸುತ್ತದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕೇತಕಿ ಮನೆಯಲ್ಲಿರಲಿಲ್ಲ. ಓಣಿಯಲ್ಲಿಯೂ ಇರಲಿಲ್ಲ. ಹುಡುಕಿಕೊಂಡು ಹೋದರೆ ಅವಳು ಶಾಲೆಯ ಪಡಸಾಲೆಯಲ್ಲಿದ್ದಳು. ಅಕ್ಕೋರ ಸ್ಟೂಲನ್ನು ಗಂಟೆಯ ಕೆಳಗೆ ಎಳೆದಿಟ್ಟು, ಅದರ ಮೇಲೆ ನಿಂತು, ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದಿದ್ದಳು. ಅಭ್ಯಾಸ ಮಾಡಲು ಬಂದಿದ್ದಾಳೆ ಎಂದು ನನಗೆ ಹಿಗ್ಗಾಯಿತು. ಹತ್ತಿರ ಹೋಗಿ ನೋಡಿದರೆ ತಲೆಯ ಪಿನ್ನಿನಿಂದ ಗೊಂಡೆಯ ಹೊಲಿಗೆಯನ್ನು ಕೆದಕುತ್ತಿದ್ದಳು.

"ಏನ್ ಮಾಡಾಕತ್ತಿಯವ್ವಾ?"

"ನಿನ್ನ ಹೊಲಿಗಿ ಬಿಚ್ಚಾಕತ್ತೀನಿ."

ನನ್ನ ಹೊಲಿಗೆ ಎಂದು ಹೇಗೆ ತಿಳಿಯಿತೆಂದು ಕೇಳಲಿಲ್ಲ. ಹುಟ್ಟಿದಂದಿನಿಂದ ನನ್ನ ಮಷೀನಿನ ಕೆಳಗೆ ಆಡಿದವಳಿಗೆ ಅಪ್ಪನ ಹೊಲಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು? "ಅದನ್ನ ಬಿಚ್ಚಿದ್ರ ನಿನಗ ನಿಲುಕಂಗಿಲ್ಲ," ಎಂದೆ.

"ಗೊತ್ತೈತಿ."

"ಸಾವಂತ್ರೆವ್ವನ ಮನೀಗೆ ಕಳಸ್ತಾರ. ಒಂದು ವರ್ಷ."

ಅವಳ ಪಿನ್ನು ನಿಲ್ಲಲಿಲ್ಲ. "ಗೊತ್ತೈತಿ. ಆದ್ರೂ ಬ್ಯಾಡ. ಎಲ್ಲಾರೂ ತಾವಽ ಹೊಡೀತಾರ. ನಾನಷ್ಟಽ ಗೊಂಡೆ ಹಿಡಕೊಂಡು ಹೊಡೀಲೇನು?"

ಇಷ್ಟು ದಿನ ಅವಳ ಎಲ್ಲ ವಾಕ್ಯಗಳಿಗೂ ನಾನೇ ಕೊನೆ ಹಾಕಿದವನು, ಇದಕ್ಕೆ ಏನೂ ಸೇರಿಸಲಾಗಲಿಲ್ಲ. ಪಿನ್ನು ಜಾರಿ ಅವಳ ಬೆರಳಿಗೆ ಚುಚ್ಚಿತು. ಒಂದು ಹನಿ ರಕ್ತ ಬಂತು. ನನ್ನ ಜೇಬಿನಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ಇತ್ತು, ಯಾವಾಗಲೂ ಇರುತ್ತದೆ. ಒಂದೇ ಕಚ್ಚು ಸಾಕು. ಕೈ ಜೇಬಿಗೆ ಹೋದದ್ದು ನನಗೇ ಗೊತ್ತಾಗಲಿಲ್ಲ.

"ಅಪ್ಪಾ, ಕೈ!" ಎಂದಳು ಕೇತಕಿ.

ಜೇಬಿನಿಂದ ಕೈ ತೆಗೆದೆ. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿ, ಗಂಟೆಯ ಕಂಬಕ್ಕೆ ಬೆನ್ನೊತ್ತಿ ನಿಂತೆ. ನನ್ನ ಹೊಲಿಗೆ ಇಷ್ಟು ಗಟ್ಟಿಯೆಂದು ಬದುಕಿನಲ್ಲಿ ಮೊದಲ ಸಲ ಅದರ ಮೇಲೆ ಸಿಟ್ಟು ಬಂತು. ಪಿನ್ನು ಬಾಗಿತು. ಅವಳು ಹಲ್ಲು ಹಾಕಿದಳು. ಉಣ್ಣೆ ಬಾಯಿಗೆ ಬಂದು ಉಗುಳಿದಳು, ಅತ್ತಳು, ಮತ್ತೆ ಹಲ್ಲು ಹಾಕಿದಳು. ಬಿಸಿಲು ಪಡಸಾಲೆಯ ಒಂದು ಕಂಬದಿಂದ ಇನ್ನೊಂದಕ್ಕೆ ಸರಿಯಿತು. ನನ್ನ ಬಾಯೊಳಗೆ ಉಪದೇಶಗಳು ತುಂಬಿ ನಿಂತಿದ್ದವು, ಒಂದನ್ನೂ ಬಿಡಲಿಲ್ಲ. ಕೊನೆಗೆ ಅವಳೇ ಕೇಳಿದಳು, "ಗಂಟು ಎಲ್ಲಿ ಇಟ್ಟೀ?"

"ಒಳಗ. ಎಡಕ್ಕ," ಎಂದೆ. ಎರಡೇ ಮಾತು. ನನ್ನ ಮಟ್ಟಿಗೆ ಅದು ಇಂದಿಗೂ ದಾಖಲೆ.

ಅವಳು ಉಣ್ಣೆಯನ್ನು ಬಿಡಿಸಿ, ಎಡಕ್ಕೆ ಹುಡುಕಿ, ಗಂಟನ್ನು ಉಗುರಿನಿಂದ ಎಬ್ಬಿಸಿ, ಒಂದೊಂದೇ ಎಳೆ ಕಿತ್ತಳು. ಗೊಂಡೆ ನೆಲಕ್ಕೆ ಬಿತ್ತು. ಸ್ಟೂಲಿನಿಂದ ಇಳಿದು ಅದನ್ನು ತಂದು ನನ್ನ ಎದುರಿಗೆ ಹಿಡಿದಳು. ನಾನು ಕೈ ಚಾಚಲೋ ಬೇಡವೋ ತಿಳಿಯದೆ ನಿಂತೆ. "ಈಗ ತಗೋಬಹುದು," ಎಂದು ನಕ್ಕಳು. ನನಗೆ ಅಳು ಬಂತು, ಅವಳೆದುರಿಗೇ ಅತ್ತೆ.

ಸೋಮವಾರ ಬೆಳಿಗ್ಗೆ ಗೋದಾವರಿಯ ಕೂಗಿಗೆ ಎಚ್ಚರವಾಯಿತು. ಕೇತಕಿ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದಳು, ತಲೆ ಹಳೆಯ ಗೆರೆಗಿಂತ ಒಂದು ಬೆರಳು ಮೇಲಿತ್ತು. ಗೋದಾವರಿ ಖಾನಾವಳಿಯನ್ನು ಮರೆತು ಮಗಳನ್ನು ಹೊಸ್ತಿಲಿಗೆ ತಂದು ನಿಲ್ಲಿಸಿದಳು. "ಬರ್ರಿ, ಬರ್ರಿ, ನಮ್ಮ ಕೂಸಿನ ಮಡಿಕಿ ಬಿಚ್ಚಾಕತ್ತೀನಿ!" ಎಂದು ಓಣಿಗೆಲ್ಲ ಕೇಳುವಂತೆ ಕರೆದಳು. ಸಾವಂತ್ರೆವ್ವ ಬಂದಳು, ಇನ್ನೂ ನಾಲ್ಕೈದು ಮನೆಯವರು ಬಂದರು. ಒಂದು ಕೈಯಲ್ಲಿ ಬೆಲ್ಲ ಹಿಡಿದು ಗೋದಾವರಿ ಲಂಗದ ಅಂಚನ್ನು ಮೇಲಕ್ಕೆ ತಿರುಗಿಸಿದಳು. ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು. ಒಳಗೆ ಕತ್ತರಿಸಿದ ಬರೀ ಅಂಚಿತ್ತು.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಅಂಚನ್ನು ಹಿಡಿದುಕೊಂಡೇ ನನ್ನ ಕಡೆ ನೋಡಿ ಸಣ್ಣ ದನಿಯಲ್ಲಿ, "ಬೆಳ್ಯಾಕ ಜಾಗಾನಽ ಇಟ್ಟಿಲ್ಲಲ್ರಿ," ಎಂದಳು. ಓಣಿಯವರು ನೆಲ ನೋಡಿದರು. ಊರಿನ ಮಕ್ಕಳಿಗೆಲ್ಲ ಮಡಿಕೆ ಇಟ್ಟವನು ನಾನು. ಕೇತಕಿ ಬೆಲ್ಲವನ್ನು ತಾನೇ ತೆಗೆದುಕೊಂಡು ಬಾಯಿಗೆ ಹಾಕಿಕೊಂಡು, ಮೊಣಕಾಲು ಕಾಣುವ ಅದೇ ಲಂಗದಲ್ಲಿ ಶಾಲೆಗೆ ಹೊರಟಳು.

ಹಗ್ಗದ ಸೋಮವಾರ ಅರ್ಧ ಊರು ಪಡಸಾಲೆಯಲ್ಲಿರುತ್ತದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಗಂಟೆ ಹೊಡೆದರು. ಕೇತಕಿಯ ಸರದಿ ಬಂದಾಗ ನಾನು ಒಬ್ಬೊಬ್ಬ ದೇವರಿಗೂ ಬೇರೆ ಬೇರೆ ಹರಕೆ ಹೊತ್ತೆ. ಅವಳು ಹಿಮ್ಮಡಿ ಊರಿದಳು. ಕೈ ಚಾಚಿದಳು. ಬೆರಳ ತುದಿಯಿಂದ ಹಗ್ಗದ ತುದಿಗೆ ಒಂದೂವರೆ ಬೆರಳು ಉಳಿಯಿತು. ಇನ್ನಷ್ಟು ಚಾಚಿದಳು. ಹಗ್ಗ ಅಲುಗಲೇ ಇಲ್ಲ.

"ಕೈ ಇಳಸವ್ವ," ಎಂದರು ಅಕ್ಕೋರು. ನೇಮದಂತೆ ಮುಂದಿನದನ್ನೂ ಹೇಳಿದರು: ಮೂರು ಸಲ ಆಯಿತು, ಕೇತಕಿ ಒಂದು ವರ್ಷ ಗಾಣಿಗರ ಮನೆಯಲ್ಲಿರಬೇಕು. ಸಾವಂತ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕೋರು ಕೇಳಿದರು, "ಏನರ ಹೇಳೂದು ಐತೇನು, ಕೇತಕಿ?"

"ಅವಳಿಗೆ ಏನೂ..." ಎಂದು ನಾನು ಶುರು ಮಾಡಿದೆ.

"ಅಪ್ಪಾ, ನಾ ಹೇಳ್ತೀನಿ," ಎಂದಳು ಕೇತಕಿ. ಈ ಹುಡುಗಿಯ ಬಾಯಿಂದ ಒಂದು ಪೂರ್ತಿ ಮಾತನ್ನು ಊರು ಕೇಳಿರಲಿಲ್ಲ, ನಾನು ಕೇಳಗೊಟ್ಟಿರಲಿಲ್ಲ. ಅವಳು ಲಂಗದ ಗಿಡ್ಡ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದಳು: "ನಾ ಯಾಕ ಹೋಗ್ಲಿರೀ ಅಕ್ಕೋರೇ? ಕೈ ನಿಲ್ಲದಽ ಇರೂದು ಅಪ್ಪಂದು. ಅಪ್ಪನ್ನ ಕಳಸ್ರಿ."

ಸಾವಂತ್ರೆವ್ವ ಕಣ್ಣೀರಿನಲ್ಲೇ ಮೊದಲು ನಕ್ಕಳು, ಆಮೇಲೆ ಇಡೀ ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಗೋದಾವರಿ ನಗಲಿಲ್ಲ, ನನ್ನ ಕಡೆ ನೋಡುತ್ತಿದ್ದಳು. ನಾನು ಮುಂದೆ ಬಂದು ಜೇಬಿನಿಂದ ಕೆಂಪು ಗೊಂಡೆ ತೆಗೆದು ಅಕ್ಕೋರ ಮೇಜಿನ ಮೇಲಿಟ್ಟೆ. ಶನಿವಾರ ಹೊಲಿದದ್ದು, ಭಾನುವಾರ ಅವಳು ಬಿಚ್ಚಿದ್ದು, ಮೂರು ವರ್ಷದ ಗಿಡ್ಡ ಲಂಗಗಳು, ಲೋಟ ತಳ್ಳಿದ ಕಾಲು, ಎಲ್ಲವನ್ನೂ ಹೇಳಿದೆ. ನಡುವೆ ಎರಡು ಸಲ ಮಾತು ಅರ್ಧಕ್ಕೇ ನಿಂತಿತು. ಯಾರೂ ನನ್ನ ವಾಕ್ಯವನ್ನು ಮುಗಿಸಿಕೊಡಲಿಲ್ಲ. ಕೈ ಕಟ್ಟಿ ನಿಂತು ಕಾದರು.

ಅಕ್ಕೋರು ಗೊಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದರ ತುದಿಯಲ್ಲಿ ಕೇತಕಿಯ ಹಲ್ಲಿನ ಗುರುತಿತ್ತು. "ಕೂಸು ಹೇಳೂದು ಖರೇ ಐತಿ," ಎಂದರು. "ಕೂಸು ಮನ್ಯಾಗಽ ಇರ್ಲಿ. ಪಾಂಡುರಂಗಪ್ಪ, ನಾಳಿಂದ ನೀವು ಚಾಪಿಗೆ ಬರ್ರಿ. ಮುಂಜಾನಿಂದ ಊಟದ ಹೊತ್ತಿನ ಮಟ. ಒಂದು ವರ್ಷ." ದಿನದ ಹತ್ತು ಮಾತನ್ನು ಮೀರಿದ್ದಕ್ಕೋ ಏನೋ, ಅವರು ಕೂತು ನೀರು ಕುಡಿದರು.

ಮಂಗಳವಾರ ಬೆಳಿಗ್ಗೆ ಕೇತಕಿ ಇನ್ನೊಂದು ಬೆರಳು ಬೆಳೆದಿದ್ದಳು. ಊರೆದುರು ಒಂದು ಮಾತು ಪೂರ್ತಿಯಾಗಿ ಆಡಿದ್ದಕ್ಕೆ. ಎಲ್ಲರೂ ಅತ್ತ ಹೋದ ಮೇಲೆ ನಾನೂ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು ನೋಡಿದೆ. ನಾನೂ ಊರೆದುರು ಜನ್ಮದಲ್ಲಿ ಮೊದಲ ಸಲ ನಿಜ ಹೇಳಿದ್ದೆನಲ್ಲ. ಏನೂ ಆಗಿರಲಿಲ್ಲ, ಕೂದಲು ಉದುರಿದ್ದರಿಂದ ಸ್ವಲ್ಪ ಕಡಿಮೆಯೇ ಇದ್ದಂತಿತ್ತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿದಾಗ ಮೊದಲು ಬಗ್ಗದೇ ಹೋದದ್ದು ಮೊಣಕಾಲು. ಸುತ್ತ ಇಪ್ಪತ್ತೆರಡು ಮಕ್ಕಳು, ಇಪ್ಪತ್ತೆರಡು ಸೋರುವ ಮೂಗು, ಲೆಕ್ಕವಿಲ್ಲದಷ್ಟು ಬಿಚ್ಚಿದ ಗುಂಡಿ. ಅಕ್ಕೋರು ನನ್ನ ಟವೆಲಿನಿಂದಲೇ ನನ್ನ ಕೈ ಕಟ್ಟಿಸಿದರು, ಕಟ್ಟಿದವಳು ಕೇತಕಿ. ಬಿಚ್ಚಿಕೊಳ್ಳಬಹುದಾದಷ್ಟು ಸಡಿಲವಾಗಿಯೇ ಕಟ್ಟುತ್ತಿದ್ದಳು. ಎದುರು ಮೂಲೆಯಲ್ಲಿ ಕೂತು, ನಾನು ಅಲುಗಿದರೆ ಸಾಕು "ಅಪ್ಪಾ, ಕೈ!" ಎಂದು ಕೂಗುತ್ತಿದ್ದಳು. ಮಳೆಗಾಲದ ಹೊತ್ತಿಗೆ ಉಳಿದ ಮಕ್ಕಳೂ "ಅಪ್ಪಾ, ಕೈ!" ಎನ್ನಲು ಕಲಿತವು. ಈಗ ಊರಿನಲ್ಲಿ ನನ್ನ ಹೆಸರೇ ಅದು.

ಮೊದಲ ಕೆಲವು ವಾರ ನರಕ. ಒಂದು ಹುಡುಗಿ ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡು ಹತ್ತು ನಿಮಿಷ ಪಟ್ಟಿಯೊಡನೆ ಗುದ್ದಾಡಿದಳು. ನನಗೆ ಬೆವರು. ಆಮೇಲೆ ನಿಧಾನವಾಗಿ ಒಂದು ಸಂಗತಿ ಕಂಡಿತು. ಕೈ ಕಟ್ಟಿದಾಗ ಕಣ್ಣು ಬಿಡುತ್ತದೆ. ಕೇತಕಿ ಎಡಗೈಯವಳು. ಒಂಬತ್ತು ವರ್ಷ ಅವಳಿಗೆ ಉಣಿಸಿ, ತೊಡಿಸಿ, ಬಾಚಿದ ನನಗೆ ಅದು ಗೊತ್ತಿರಲಿಲ್ಲ. ಮಜ್ಜಿಗೆಯ ಲೋಟವನ್ನು ನಾನು ಅವಳ ಬಲಗೈಗೆ ಕೊಡುತ್ತಿದ್ದೆ.

ದೀಪಾವಳಿಯ ನಂತರ ಒಂದು ದಿನ ಅವಳು ಅಂಗಡಿಗೆ ಬಂದು, ಕಪಾಟಿನಿಂದ ಹಸಿರು ಬಟ್ಟೆಯ ಒಂದು ತುಂಡು ಎಳೆದು, "ನನ್ನ ಲಂಗ ನಾನಽ ಹೊಲೀತೀನಿ" ಎಂದಳು. ಒಳ್ಳೆಯ ಬಟ್ಟೆ, ಮದುವೆಯ ಗಿರಾಕಿಗೆಂದು ತರಿಸಿದ್ದು. ನಾನು ಬಾಯಿ ತೆರೆದು, ಮುಚ್ಚಿದೆ. ಅವಳು ಸೂಜಿಗೆ ದಾರ ಪೋಣಿಸಲು ಕುಳಿತಳು. ನಾನು ಎಣಿಸಿದೆ, ಮೂವತ್ತೊಂದು ಸಲ ತಪ್ಪಿತು. ನಾನಾದರೆ ಕಣ್ಣು ಮುಚ್ಚಿ ಒಂದೇ ಸಲಕ್ಕೆ ಪೋಣಿಸುವವನು. ಮಷೀನಿನ ಹಲಗೆಯ ಕೆಳಗೆ ಎರಡೂ ಕೈಗಳನ್ನು ಸಿಕ್ಕಿಸಿಕೊಂಡು ಕುಳಿತೆ. ಮೂವತ್ತೆರಡನೆಯದಕ್ಕೆ ಮುಂಚೆ ಅವಳು ತಲೆಯೆತ್ತಿ, "ದಾರದ ತುದಿ ಯಾಕ ಬಿರೀತೈತಿ?" ಎಂದಳು. "ಹಸಿ ಮಾಡು," ಎಂದೆ. ನಾಲಿಗೆಗೆ ತಾಗಿಸಿದಳು, ಪೋಣಿಸಿದಳು. ನಾನು ಒಳಗೆ ಹೋಗಿ ಗೋದಾವರಿಗೆ ಹೇಳಿ ಬಂದೆ.

ಆ ಲಂಗಕ್ಕೆ ಎರಡು ತಿಂಗಳು ಹಿಡಿಯಿತು. ಬೇಸಿಗೆಗೆ ಮುಂಚಿನ ಸೋಮವಾರ ಅವಳು ಅದನ್ನೇ ಉಟ್ಟು ಪಡಸಾಲೆಗೆ ಬಂದಳು. ಹಿಮ್ಮಡಿ ಊರಿ, ಎಡಗೈ ಚಾಚಿ, ಹಗ್ಗವನ್ನು ತುದಿಯಲ್ಲಲ್ಲ, ಒಂದು ಗೇಣು ಮೇಲೆ ಹಿಡಿದು ಜಗ್ಗಿದಳು. ಜಗ್ಗುತ್ತಲೇ ಇದ್ದಳು. ಅಕ್ಕೋರು ಸಾಕೆಂದು ಹೇಳಬಹುದಿತ್ತು, ಹೇಳಲಿಲ್ಲ.

ಪೇಟೆಯಿಂದ ಬಟ್ಟೆ ತರುವ ಹೊಸ ವ್ಯಾಪಾರಿಯೊಬ್ಬ ಗಂಟೆಯ ಸದ್ದಿಗೆ ಬಂದು ನನ್ನ ಪಕ್ಕದಲ್ಲಿ ನಿಂತಿದ್ದ. ಲಂಗ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಹೊಲಿಗೆ ಕುಡಿದವನ ನಡಿಗೆಯ ಹಾಗೆ ಅತ್ತಿತ್ತ ಹೋಗಿತ್ತು. ಅಂಚಿನಲ್ಲಿ ಮಾತ್ರ ಒಂದರ ಹಿಂದೊಂದು ಒಂಬತ್ತು ಮಡಿಕೆ. ನಾನು ಯಾರಿಗೂ ಐದಕ್ಕಿಂತ ಹೆಚ್ಚು ಇಟ್ಟವನಲ್ಲ. ವ್ಯಾಪಾರಿ ಅದನ್ನು ನೋಡಿ ಮುಖ ಸಿಂಡರಿಸಿ, ನನ್ನ ಕುತ್ತಿಗೆಯಲ್ಲಿದ್ದ ಟೇಪನ್ನು ನೋಡಿ, "ಅಷ್ಟು ಒಳ್ಳೆ ಬಟ್ಟೀನ ಹಿಂಗ ಹೊಲದವ್ರು ಯಾರ್ರೀ?" ಎಂದು ಕೇಳಿದ.

ನಾನು ಕೈ ಕಟ್ಟಿಕೊಂಡು, ಎದೆಯುಬ್ಬಿಸಿ, ಅರ್ಧ ಊರಿಗೆ ಕೇಳುವಂತೆ ಹೇಳಿದೆ: "ನಾನಲ್ಲ."